ಬರ್ಕ್ಲಿಯ ಅಯೋಡಿನ್ ಮತ್ತು ಸರಾಸರಿಯ ಲೆಕ್ಕ

ನಾನಿರುವ ಗಿಲ್‌ರಾಯ್ ಬೆಳ್ಳುಳ್ಳಿಗೆ ಹೆಸರಾದ ಊರು. ಹೊಲಕ್ಕೆ ಸರಾಸರಿ ಎರಡಂಗುಲ ನೀರು ಬಿದ್ದಿತೆಂದರೆ ರೈತ ಒಪ್ಪುವುದಿಲ್ಲ. ಒಣಗಿ ಉಳಿದ ಮೂಲೆ ಯಾವುದೆಂದು ಕೇಳುತ್ತಾನೆ. ವಿಕಿರಣ ಚಿಕಿತ್ಸೆಯಲ್ಲಿಯೂ ಪ್ರಶ್ನೆ ಇದೇ.

ನಮ್ಮ ಉತ್ತರಕ್ಕಿರುವ ಬರ್ಕ್ಲಿಯಲ್ಲಿ 1938ರಲ್ಲಿ, ಡಾ. ಹ್ಯಾಮಿಲ್ಟನ್ನರ ಕೋರಿಕೆಯಂತೆ, ಸೀಬೋರ್ಗ್ ಮತ್ತು ಲಿವಿಂಗುಡ್ ಎಂಟು ದಿನಗಳ ಅರ್ಧಾಯುಷ್ಯದ ಅಯೋಡಿನ್-131ನ್ನು ಕಂಡುಹಿಡಿದರು. (ಮುಂದೆ ಸೀಬೋರ್ಗರ ತಾಯಿಯ ಆಯುಷ್ಯವನ್ನು ಹೆಚ್ಚಿಸಿದ್ದೂ ಅದೇ!) 1940ರಲ್ಲಿ ಹ್ಯಾಮಿಲ್ಟನ್ನರ ಬಳಗವು ಥೈರಾಯ್ಡ್ ಗ್ರಂಥಿಯ ತೆಳು ಸೀಳುಗಳನ್ನು ಛಾಯಾಫಲಕಕ್ಕೆ ತಾಗಿಸಿ ನೋಡಿದಾಗ, ಅಯೋಡಿನ್ ಒಂದೆಡೆ ದಟ್ಟವಾಗಿ, ಇನ್ನೊಂದೆಡೆ ವಿರಳವಾಗಿ ಮೂಡಿತ್ತು.

ಆದರೂ ಬಹುಕಾಲ ಇಡೀ ಅಂಗದ ಸರಾಸರಿಯನ್ನೇ ಎಣಿಸಲಾಯಿತು. ಔಷಧವನ್ನು ಹೀರದ ಕ್ಯಾನ್ಸರ್ ಕೋಶಗಳು ಬದುಕುಳಿದರೆ ರೋಗ ಅಲ್ಲಿಂದಲೇ ಮರುಕಳಿಸೀತು. ಅಯೋಡಿನ್ನಿನ ಬೀಟಾ ಕಣಗಳು ಹತ್ತಾರು ಕೋಶಗಳನ್ನು ದಾಟಿ ನೆರೆಯವನ್ನೂ ತಟ್ಟುವುದರಿಂದ ಕೊರತೆ ಕೊಂಚ ತುಂಬುತ್ತದೆ. ಕೆಲವೇ ಕೋಶಗಳಷ್ಟು ದೂರ ಸಾಗುವ ಆಲ್ಫಾ ಕಣಗಳ ಔಷಧಗಳಲ್ಲಿ ಆ ಅನುಕೂಲವಿಲ್ಲ.