ಪುರುಷರ ಪ್ರಜನನಾಂಗಗಳು: ರಚನೆ, ಕಾರ್ಯ ಮತ್ತು ಎನ್.ಎಸ್.ವಿ. ಶಸ್ತ್ರಚಿಕಿತ್ಸೆ

ಪೀಠಿಕೆ

ಹಿಂದಿನ ಮೈಸೂರು ಸಂಸ್ಥಾನವು 1930ರಲ್ಲಿಯೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಭಾರತ ಸರ್ಕಾರವು ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮವನ್ನು 1952ರಲ್ಲಿ ಆರಂಭಿಸಿತು. ಆದರೂ ಈ ಕಾರ್ಯಕ್ರಮದ ಹೊಣೆ ಬಹುಮಟ್ಟಿಗೆ ಮಹಿಳೆಯರ ಮೇಲೆಯೇ ಉಳಿದಿದೆ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಮಹಿಳೆಯರ ಸಂತಾನಶಕ್ತಿಹರಣ ಚಿಕಿತ್ಸೆಯನ್ನು ಅವಲಂಬಿಸಿರುವವರ ಪ್ರಮಾಣ ಶೇ. 37.9 ಇದ್ದು, ಪುರುಷರ ಚಿಕಿತ್ಸೆಯ ಪ್ರಮಾಣ ಕೇವಲ ಶೇ. 0.3 ಆಗಿರುತ್ತದೆ.

ಪುರುಷರ ಶಸ್ತ್ರಚಿಕಿತ್ಸೆಯು ಮಹಿಳೆಯರ ಶಸ್ತ್ರಚಿಕಿತ್ಸೆಗಿಂತ ಸರಳವಾದುದು. ಆದರೂ ಪುರುಷರು ಹಿಂಜರಿಯಲು ಮುಖ್ಯ ಕಾರಣ, ಚಿಕಿತ್ಸೆಯಿಂದ ಪುರುಷತ್ವವೂ ದೇಹಬಲವೂ ಕುಂದುತ್ತವೆ ಎಂಬ ಭಯ. 'ಶಕ್ತಿಹರಣ' ಎಂಬ ಪದವೂ ಈ ಭಯಕ್ಕೆ ಇಂಬು ನೀಡಿದೆ. ಇಲ್ಲಿ 'ಶಕ್ತಿ' ಎಂದರೆ ಸಂತಾನ ಪಡೆಯುವ ಸಾಮರ್ಥ್ಯ ಮಾತ್ರ. ದೇಹಬಲವಾಗಲಿ ಲೈಂಗಿಕ ಸಾಮರ್ಥ್ಯವಾಗಲಿ ಅಲ್ಲ. ಪ್ರಜನನಾಂಗಗಳ ರಚನೆಯನ್ನು ತಿಳಿದಲ್ಲಿ ಈ ವ್ಯತ್ಯಾಸವು ಸ್ಪಷ್ಟವಾಗುತ್ತದೆ.

ಅಂಗಗಳ ರಚನೆ

1. ವೃಷಣಗಳು: ಇವು ಎರಡಿದ್ದು, ಪ್ರತಿಯೊಂದೂ ಸುಮಾರು 4ರಿಂದ 5 ಸೆಂ.ಮೀ. ಉದ್ದವಿರುತ್ತದೆ. ದೇಹದ ಹೊರಗೆ ವೃಷಣಚೀಲದಲ್ಲಿ ಇರುತ್ತವೆ. ವೀರ್ಯಾಣುಗಳ ಉತ್ಪತ್ತಿಗೆ ದೇಹದ ಉಷ್ಣತೆಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಉಷ್ಣತೆ ಅಗತ್ಯವಿರುವುದೇ ಇದಕ್ಕೆ ಕಾರಣ. ಚಳಿಯಲ್ಲಿ ಚೀಲವು ಸಂಕುಚಿತಗೊಂಡು ವೃಷಣಗಳು ದೇಹದ ಸಮೀಪಕ್ಕೆ ಬರುತ್ತವೆ, ಸೆಕೆಯಲ್ಲಿ ಸಡಿಲಗೊಳ್ಳುತ್ತದೆ.

2. ಎಪಿಡಿಡಿಮಿಸ್: ಪ್ರತಿ ವೃಷಣದ ಹಿಂಭಾಗಕ್ಕೆ ಅಂಟಿಕೊಂಡಿರುವ ಸುರುಳಿ ನಾಳ. ಬಿಡಿಸಿದಲ್ಲಿ ಸುಮಾರು 6 ಮೀಟರ್ ಉದ್ದವಾಗುತ್ತದೆ. ವೀರ್ಯಾಣುಗಳು ಇಲ್ಲಿ ಪಕ್ವಗೊಂಡು ಚಲನಶಕ್ತಿಯನ್ನು ಪಡೆಯುತ್ತವೆ ಮತ್ತು ಶೇಖರವಾಗುತ್ತವೆ.

3. ವೀರ್ಯನಾಳಗಳು: ಎಪಿಡಿಡಿಮಿಸ್‌ನಿಂದ ಹೊರಟು, ತೊಡೆಸಂದಿಯ ಮೂಲಕ ಕಿಬ್ಬೊಟ್ಟೆಯನ್ನು ಪ್ರವೇಶಿಸಿ, ಮೂತ್ರಕೋಶದ ಹಿಂಭಾಗದವರೆಗೆ ಸಾಗುವ ಎರಡು ನಾಳಗಳು. ವೀರ್ಯಾಣುಗಳು ವೃಷಣಚೀಲದಿಂದ ಹೊರಹೋಗಲು ಇರುವ ಮಾರ್ಗ ಇದೊಂದೇ.

4. ವೀರ್ಯಕೋಶಗಳು, ಪ್ರಾಸ್ಟೇಟ್ ಗ್ರಂಥಿ ಮತ್ತು ಕೌಪರ್ ಗ್ರಂಥಿಗಳು: ವೀರ್ಯದ ದ್ರವಭಾಗವನ್ನು ಸ್ರವಿಸುತ್ತವೆ. ಪ್ರಾಸ್ಟೇಟ್ ಗ್ರಂಥಿಯು ಮೂತ್ರಕೋಶದ ಕೆಳಗೆ ಮೂತ್ರವಿಸರ್ಜನಾ ನಾಳವನ್ನು ಸುತ್ತುವರಿದಿರುತ್ತದೆ.

5. ಶಿಶ್ನ: ಇದರ ಮೂಲಕ ಹಾದುಹೋಗುವ ಮೂತ್ರವಿಸರ್ಜನಾ ನಾಳವು ಮೂತ್ರಕ್ಕೂ ವೀರ್ಯಕ್ಕೂ ಸಮಾನ ಮಾರ್ಗವಾಗಿದೆ. ಇದರಲ್ಲಿರುವ ಸ್ಪಂಜಿನಂತಹ ಅಂಗಾಂಶವು ರಕ್ತದಿಂದ ತುಂಬಿದಾಗ ನಿಮಿರುವಿಕೆ ಉಂಟಾಗುತ್ತದೆ. ಇದು ನರಗಳ ಮತ್ತು ರಕ್ತನಾಳಗಳ ಕಾರ್ಯವೇ ಹೊರತು ವೀರ್ಯನಾಳದ ಕಾರ್ಯವಲ್ಲ.

ವೃಷಣಗಳ ಎರಡು ಕಾರ್ಯಗಳು

ವೃಷಣಗಳು ಎರಡು ಪ್ರತ್ಯೇಕ ಕಾರ್ಯಗಳನ್ನು ನಿರ್ವಹಿಸುತ್ತವೆ. ಈ ಎರಡರ ಉತ್ಪನ್ನಗಳೂ ಬೇರೆ ಬೇರೆ ಮಾರ್ಗಗಳಲ್ಲಿ ಹೊರಹೋಗುತ್ತವೆ.

ಮೊದಲನೆಯದು ವೀರ್ಯಾಣುಗಳ ಉತ್ಪತ್ತಿ. ವೃಷಣದೊಳಗಿನ ಸೂಕ್ಷ್ಮ ನಾಳಗಳಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಗುತ್ತದೆ. ಇವು ವೀರ್ಯನಾಳದ ಮೂಲಕ ಹೊರಹೋಗುತ್ತವೆ. ಪ್ರತಿ ವೀರ್ಯಾಣುವಿನಲ್ಲಿ ಎಕ್ಸ್ ಅಥವಾ ವೈ ವರ್ಣತಂತು ಇದ್ದು, ಮಗುವಿನ ಲಿಂಗವು ಇದರಿಂದಲೇ ನಿರ್ಧಾರವಾಗುತ್ತದೆ. ಆದ್ದರಿಂದ ಹೆಣ್ಣು ಮಗು ಜನಿಸಿತೆಂದು ತಾಯಿಯನ್ನು ದೂಷಿಸುವುದು ಸರಿಯಲ್ಲ.

ಎರಡನೆಯದು ಟೆಸ್ಟೋಸ್ಟೆರಾನ್ ಹಾರ್ಮೋನಿನ ಉತ್ಪತ್ತಿ. ಗಡ್ಡ-ಮೀಸೆ, ಗಡಸು ಧ್ವನಿ, ಸ್ನಾಯುಬಲ ಮತ್ತು ಲೈಂಗಿಕ ಆಸಕ್ತಿಗೆ ಈ ಹಾರ್ಮೋನು ಕಾರಣವಾಗಿದೆ. ಸೂಕ್ಷ್ಮ ನಾಳಗಳ ನಡುವಿನ ಲೇಡಿಗ್ ಜೀವಕೋಶಗಳು ಇದನ್ನು ತಯಾರಿಸುತ್ತವೆ. ಇದು ವೀರ್ಯನಾಳವನ್ನು ಸೇರದೆ ನೇರವಾಗಿ ರಕ್ತವನ್ನು ಸೇರಿ ಇಡೀ ದೇಹಕ್ಕೆ ತಲುಪುತ್ತದೆ.

ವೀರ್ಯದ ಸ್ವರೂಪ

ವೀರ್ಯದ ಹೆಚ್ಚಿನ ಭಾಗವು ವೀರ್ಯಕೋಶಗಳ ಮತ್ತು ಪ್ರಾಸ್ಟೇಟ್ ಗ್ರಂಥಿಯ ದ್ರವವಾಗಿರುತ್ತದೆ. ವೀರ್ಯಾಣುಗಳ ಪಾಲು ಒಟ್ಟು ಪ್ರಮಾಣದಲ್ಲಿ ಶೇ. 5ಕ್ಕಿಂತ ಕಡಿಮೆ. ವೀರ್ಯವು ರಕ್ತದಿಂದ ಬಟ್ಟಿಯಿಳಿದು ಬರುತ್ತದೆ, ಅದರ ನಷ್ಟದಿಂದ ದೇಹ ಸೊರಗುತ್ತದೆ ಎಂಬ ನಂಬಿಕೆಗೆ ವೈಜ್ಞಾನಿಕ ಆಧಾರವಿಲ್ಲ. 'ಧಾತು ನಷ್ಟ'ದ ಹೆಸರಿನಲ್ಲಿ ಮಾರಾಟವಾಗುವ ಔಷಧಿಗಳಿಗೆ ಹಣ ವ್ಯಯಿಸುವ ಬದಲು ವೈದ್ಯಾಧಿಕಾರಿಗಳನ್ನು ಕಾಣುವುದು ಸೂಕ್ತ.

ಎನ್.ಎಸ್.ವಿ. ಚಿಕಿತ್ಸೆ ಎಂದರೇನು?

ನೋ ಸ್ಕಾಲ್ಪೆಲ್ ವ್ಯಾಸೆಕ್ಟಮಿ ಎಂಬ ಈ ವಿಧಾನವನ್ನು 1974ರಲ್ಲಿ ಚೀನಾ ದೇಶದ ಡಾ. ಲಿ ಶುನ್‌ಚಿಯಾಂಗ್ ರೂಪಿಸಿದರು. ವೃಷಣಚೀಲದ ಚರ್ಮಕ್ಕೆ ಸ್ಥಳೀಯ ಅರಿವಳಿಕೆ ನೀಡಿ, ಚಾಕು ಬಳಸದೆ, ಒಂದು ಸಣ್ಣ ರಂಧ್ರದ ಮೂಲಕ ಎರಡೂ ವೀರ್ಯನಾಳಗಳನ್ನು ಹೊರತೆಗೆದು ಕತ್ತರಿಸಿ ಕಟ್ಟಲಾಗುತ್ತದೆ. ಚರ್ಮಕ್ಕೆ ಹೊಲಿಗೆಯ ಅಗತ್ಯವಿರುವುದಿಲ್ಲ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹಿಂದಿರುಗಬಹುದು.

ವೃಷಣಗಳನ್ನಾಗಲಿ, ಅವುಗಳ ರಕ್ತನಾಳಗಳನ್ನಾಗಲಿ ತೆಗೆಯುವುದಿಲ್ಲ. ಹಾರ್ಮೋನು ಮೊದಲಿನಂತೆಯೇ ರಕ್ತವನ್ನು ಸೇರುತ್ತಿರುತ್ತದೆ. ನಿಮಿರುವಿಕೆ, ಆಸಕ್ತಿ, ದುಡಿಯುವ ಸಾಮರ್ಥ್ಯ ಯಾವುದೂ ಕುಂದುವುದಿಲ್ಲ. ವೀರ್ಯಸ್ಖಲನವೂ ಎಂದಿನಂತೆ ಆಗುತ್ತದೆ. ಅದರಲ್ಲಿ ವೀರ್ಯಾಣುಗಳು ಮಾತ್ರ ಇರುವುದಿಲ್ಲ. ಹೊರಹೋಗದ ವೀರ್ಯಾಣುಗಳು ದೇಹದಲ್ಲಿಯೇ ಹೀರಲ್ಪಡುತ್ತವೆ.

ಮೊದಲ ಮೂರು ತಿಂಗಳು

ಕತ್ತರಿಸಿದ ಸ್ಥಳದಿಂದ ಮುಂದಿನ ನಾಳದಲ್ಲಿ ಮೊದಲೇ ಸೇರಿರುವ ವೀರ್ಯಾಣುಗಳು ಉಳಿದಿರುತ್ತವೆ. ಆದ್ದರಿಂದ ಚಿಕಿತ್ಸೆಯ ದಿನದಿಂದಲೇ ರಕ್ಷಣೆ ದೊರೆಯುವುದಿಲ್ಲ. ಮೂರು ತಿಂಗಳವರೆಗೆ ನಿರೋಧ್ ಅಥವಾ ಬೇರೊಂದು ಗರ್ಭನಿರೋಧಕ ವಿಧಾನವನ್ನು ಕಡ್ಡಾಯವಾಗಿ ಬಳಸತಕ್ಕದ್ದು. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣುಗಳಿಲ್ಲವೆಂದು ಖಚಿತವಾದ ಮೇಲೆಯೇ ಚಿಕಿತ್ಸೆ ಯಶಸ್ವಿಯಾಗಿದೆ ಎಂದು ಭಾವಿಸಬೇಕು. ಈ ಅವಧಿಯಲ್ಲಿ ಪತ್ನಿ ಗರ್ಭಿಣಿಯಾದಲ್ಲಿ ಆಕೆಯ ಶೀಲವನ್ನು ಶಂಕಿಸಲು ಅದು ಆಧಾರವಾಗುವುದಿಲ್ಲ. ನಂತರವೂ ವಿಫಲತೆ ಅಪರೂಪವಾಗಿ ಸಂಭವಿಸಬಹುದು. ಅಂತಹ ಸಂದರ್ಭದಲ್ಲಿ ಕೂಡಲೇ ಆಸ್ಪತ್ರೆಗೆ ತಿಳಿಸಿ ನಿಯಮಾನುಸಾರ ಪರಿಹಾರಕ್ಕೆ ಅರ್ಜಿ ಸಲ್ಲಿಸಬಹುದು.

ಅರ್ಹತೆ

1. ವಿವಾಹಿತರಾಗಿದ್ದು, 22 ವರ್ಷ ಮೇಲ್ಪಟ್ಟು 60 ವರ್ಷದೊಳಗಿನವರಾಗಿರಬೇಕು.
2. ದಂಪತಿಗಳಿಗೆ ಒಂದು ವರ್ಷ ಮೀರಿದ ಕನಿಷ್ಠ ಒಂದು ಮಗುವಿರಬೇಕು.
3. ದಂಪತಿಗಳಲ್ಲಿ ಯಾರೂ ಈ ಮೊದಲು ಸಂತಾನಶಕ್ತಿಹರಣ ಚಿಕಿತ್ಸೆಗೆ ಒಳಗಾಗಿರಬಾರದು. ಹಿಂದಿನ ಚಿಕಿತ್ಸೆ ವಿಫಲವಾದ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ.
4. ಚಿಕಿತ್ಸೆ ಪಡೆಯುವವರು ಸ್ವಂತ ಇಚ್ಛೆಯಿಂದ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕು. ಪತ್ನಿಯ ಸಹಿ ಕಡ್ಡಾಯವಲ್ಲ; ಆದರೆ ದಂಪತಿಗಳು ಚರ್ಚಿಸಿ ನಿರ್ಧರಿಸುವುದು ಒಳ್ಳೆಯದು.

ವೃಷಣಚೀಲದಲ್ಲಿ ಊತ, ಹರ್ನಿಯಾ, ಚರ್ಮದ ಸೋಂಕು ಅಥವಾ ಲೈಂಗಿಕ ರೋಗದ ಲಕ್ಷಣಗಳಿದ್ದಲ್ಲಿ ಮೊದಲೇ ವೈದ್ಯರಿಗೆ ತಿಳಿಸಬೇಕು. ಇದು ಶಾಶ್ವತ ವಿಧಾನ. ನಾಳಗಳನ್ನು ಮರುಜೋಡಿಸಲು ಸಾಧ್ಯವಿದ್ದರೂ ಮತ್ತೆ ಮಕ್ಕಳಾಗುವುದು ಖಚಿತವಲ್ಲ. ಸಂದೇಹವಿರುವವರು ತಾತ್ಕಾಲಿಕ ವಿಧಾನಗಳನ್ನು ಆರಿಸಿಕೊಳ್ಳಬಹುದು. ಚಿಕಿತ್ಸೆಗೆ ಮುನ್ನ ಯಾವ ಹಂತದಲ್ಲಾದರೂ ನಿರಾಕರಿಸಬಹುದು. ಇದರಿಂದ ಇತರ ಸೇವೆಗಳಿಗೆ ಬಾಧಕವಾಗುವುದಿಲ್ಲ.

ಚಿಕಿತ್ಸೆಯ ನಂತರದ ಆರೈಕೆ

* ಎರಡು ದಿನ ವಿಶ್ರಾಂತಿ ಪಡೆದು, ಬಿಗಿಯಾದ ಒಳ ಉಡುಪು ಅಥವಾ ಲಂಗೋಟಿ ಧರಿಸಬೇಕು.
* ಗಾಯದ ಸ್ಥಳವನ್ನು ಒಣಗಿದಂತೆ ಇಟ್ಟುಕೊಳ್ಳಬೇಕು.
* ಎರಡು ದಿನಗಳ ನಂತರ ಹಗುರ ಕೆಲಸ ಮಾಡಬಹುದು. ಒಂದು ವಾರ ಭಾರ ಎತ್ತುವುದು, ಸೈಕಲ್ ತುಳಿಯುವುದು ಬೇಡ.
* ಜ್ವರ, ಹೆಚ್ಚುತ್ತಿರುವ ಊತ, ರಕ್ತಸ್ರಾವ ಅಥವಾ ಕೀವು ಕಂಡಲ್ಲಿ ತಡಮಾಡದೆ ಆಸ್ಪತ್ರೆಗೆ ಬರಬೇಕು.

ಈ ಚಿಕಿತ್ಸೆಯು ಎಚ್.ಐ.ವಿ. ಮತ್ತು ಇತರ ಲೈಂಗಿಕ ಸೋಂಕುಗಳಿಂದ ರಕ್ಷಣೆ ನೀಡುವುದಿಲ್ಲ. ಅದಕ್ಕೆ ನಿರೋಧ್ ಬಳಕೆಯೇ ಮಾರ್ಗ.

ಸೇವೆ ಪಡೆಯುವ ಬಗೆ

ಸರ್ಕಾರಿ ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ವೈದ್ಯರು ಈ ಚಿಕಿತ್ಸೆಯನ್ನು ಉಚಿತವಾಗಿ ನೀಡುತ್ತಾರೆ. ಚಿಕಿತ್ಸೆ ಪಡೆದವರಿಗೆ ಜಾರಿಯಲ್ಲಿರುವ ಸರ್ಕಾರಿ ಆದೇಶದಂತೆ ಕೂಲಿ ನಷ್ಟದ ಪರಿಹಾರವನ್ನು ಪಾವತಿಸಲಾಗುತ್ತದೆ. ಆಸಕ್ತರು ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಿ, ಚಿಕಿತ್ಸೆ ಲಭ್ಯವಿರುವ ಆಸ್ಪತ್ರೆ ಮತ್ತು ದಿನಾಂಕವನ್ನು ತಿಳಿದುಕೊಳ್ಳಬಹುದು.