ನಾಡಿಯ ಲೆಕ್ಕವಿಟ್ಟ ವೈದ್ಯ ಚುನ್‌ಯು ಯಿ

ನಾಡೀಪರೀಕ್ಷೆಯೆಂದೊಡನೆ ಭಾರತೀಯರಿಗೆ ನೆನಪಾಗುವುದು ಆಯುರ್ವೇದ. ಆದರೆ ಚರಕ ಸುಶ್ರುತರ ಸಂಹಿತೆಗಳಲ್ಲಿ ಈ ಪರೀಕ್ಷೆಗೆ ಪ್ರತ್ಯೇಕ ಸ್ಥಾನವಿಲ್ಲ; ಅದು ಸ್ಪಷ್ಟವಾಗಿ ನಿರೂಪಿತವಾಗಿರುವುದು ಬಹುಕಾಲಾನಂತರದ ಶಾರ್ಙ್ಗಧರ ಸಂಹಿತೆಯಲ್ಲಿ. ಚೀನದಲ್ಲಾದರೋ ಕ್ರಿ. ಪೂ. 2ನೆಯ ಶತಮಾನದಲ್ಲಿಯೇ ನಾಡಿಯನ್ನು ನಂಬಿ ವೃತ್ತಿ ನಡೆಸಿದ ಚುನ್‌ಯು ಯಿ ಎಂಬ ವೈದ್ಯನ ಚರಿತ್ರೆ ಲಭ್ಯವಾಗಿದೆ. ಹಾನ್ ವಂಶದ ಕಾಲದ ಇತಿಹಾಸಕಾರ ಸಿಮಾ ಚ್ಯೆನ್ ತನ್ನ ‘ಷಿ ಜಿ’ ಗ್ರಂಥದ 105ನೆಯ ಅಧ್ಯಾಯದಲ್ಲಿ ಅದನ್ನು ಸಂಗ್ರಹಿಸಿದ್ದಾನೆ.

ಯಿ ಪೂರ್ವ ಚೀನದ ಚೀ ರಾಜ್ಯದ ಲಿನ್‌ಜಿ ನಗರದವನು. ಸರಕಾರಿ ಧಾನ್ಯಾಗಾರದ ಅಧಿಕಾರಿ. ಆದುದರಿಂದಲೇ ಅವನಿಗೆ ‘ಉಗ್ರಾಣದ ಯಜಮಾನ’ ಎಂಬ ಅರ್ಥದ ‘ತ್ಸಾಂಗ್ ಗೊಂಗ್’ ಎಂಬ ಹೆಸರು ರೂಢಿಗೆ ಬಂದಿತು. ಕ್ರಿ. ಪೂ. 180ರಲ್ಲಿ ಅವನು ಎಪ್ಪತ್ತು ವರ್ಷ ದಾಟಿದ ಯಾಂಗ್ ಚಿಂಗ್ ಎಂಬ ಗುರುವನ್ನು ಆಶ್ರಯಿಸಿದನು. ಪುತ್ರಹೀನನಾದ ಆ ವೃದ್ಧನು ಶಿಷ್ಯನು ಮೊದಲು ಕಲಿತ ಔಷಧಯೋಗಗಳನ್ನೆಲ್ಲ ತೊರೆಯುವಂತೆ ವಿಧಿಸಿ, ಪುರಾತನ ನಾಡೀಗ್ರಂಥಗಳನ್ನೂ ಮುಖವರ್ಣದಿಂದ ರೋಗವನ್ನರಿಯುವ ಕ್ರಮವನ್ನೂ ಉಪದೇಶಿಸಿದನು. ಇಂತಹ ಗ್ರಂಥಗಳು ಆಗ ಪ್ರಚಾರದಲ್ಲಿದ್ದುವೆಂಬುದನ್ನು 1983ರಲ್ಲಿ ಹೂಬೆ ಪ್ರಾಂತದ ಚಾಂಗ್‌ಚ್ಯಾಶಾನ್ ಸಮಾಧಿಯಲ್ಲಿ ದೊರೆತ, ಬಿದಿರಿನ ಪಟ್ಟಿಗಳ ಮೇಲೆ ಬರೆದ ನಾಡೀಗ್ರಂಥವು ಸಮರ್ಥಿಸುತ್ತದೆ.

ಕೀರ್ತಿಯೇ ಯಿಗೆ ಕಂಟಕವಾಯಿತು. ಅರಸರು ತನ್ನನ್ನು ಹಿಡಿದಿಟ್ಟುಕೊಂಡಾರೆಂದು ಹೆದರಿ ಅವನು ಊರೂರು ಅಲೆದನು. ಕೆಲವರಿಗೆ ಚಿಕಿತ್ಸೆಯನ್ನು ನಿರಾಕರಿಸಿದನು. ರೋಗಿಗಳ ಮನೆಯವರಲ್ಲಿ ದ್ವೇಷ ಬೆಳೆಯಿತು. ಕೊನೆಗೆ ಅಪರಾಧದ ಆರೋಪ ಹೊತ್ತು, ಅಂಗಚ್ಛೇದ ಶಿಕ್ಷೆಯ ಭೀತಿಯಲ್ಲಿ ರಾಜಧಾನಿ ಚಾಂಗಾನಿಗೆ ಹೊರಡಬೇಕಾಯಿತು. ಗಂಡುಮಕ್ಕಳಿಲ್ಲದೆ ಹೋಯಿತೆಂದು ಅವನು ಐವರು ಹೆಣ್ಣುಮಕ್ಕಳೆದುರಿಗೆ ಹಳಿದಾಗ, ಕಿರಿಯವಳಾದ ತಿಯಿಂಗ್ ತಂದೆಯನ್ನು ಹಿಂಬಾಲಿಸಿ, ತಾನು ಸರಕಾರದ ದಾಸಿಯಾಗಿ ತಂದೆಯ ದಂಡವನ್ನು ತೀರಿಸುವೆನೆಂದು ಚಕ್ರವರ್ತಿ ವೆನ್‌ನಿಗೆ ಬಿನ್ನವಿಸಿಕೊಂಡಳು. ಚಕ್ರವರ್ತಿ ಮನಕರಗಿ ಮೂಗು, ಪಾದಗಳನ್ನು ಕತ್ತರಿಸುವ ಶಿಕ್ಷೆಗಳನ್ನು ರದ್ದುಗೊಳಿಸಿದನು. ವೈದ್ಯನ ಚರಿತ್ರೆಯಲ್ಲಿ ಈ ಘಟನೆಗೆ ವೆನ್‌ನ ಆಳ್ವಿಕೆಯ 4ನೆಯ ವರ್ಷವನ್ನೂ, ಅದೇ ಗ್ರಂಥದ ರಾಜಚರಿತ್ರೆಯಲ್ಲಿ 13ನೆಯ ವರ್ಷವನ್ನೂ ಕೊಟ್ಟಿದೆ. ಸಾಮಾನ್ಯವಾಗಿ ಅಂಗೀಕೃತವಾಗಿರುವುದು ಎರಡನೆಯದು, ಎಂದರೆ ಕ್ರಿ. ಪೂ. 167. ಸುಧಾರಣೆಯೂ ನಿರ್ದೋಷವಾಗಿರಲಿಲ್ಲ: ಬದಲಿಗೆ ಬಂದ ಛಡಿಯೇಟಿನಿಂದ ಅನೇಕರು ಸತ್ತುದರಿಂದ, ಮುಂದಿನ ಚಕ್ರವರ್ತಿ ಏಟುಗಳ ಸಂಖ್ಯೆಯನ್ನು ತಗ್ಗಿಸಬೇಕಾಯಿತು.

ಬಿಡುಗಡೆಯ ಅನಂತರ ಚಕ್ರವರ್ತಿಯು ಅವನ ವಿದ್ಯೆಯ ವಿಷಯವಾಗಿ ಪ್ರಶ್ನೆಗಳನ್ನು ಕಳುಹಿಸಿದನು. ಉತ್ತರವಾಗಿ ಯಿ 25 ರೋಗಿಗಳ ವೃತ್ತಾಂತವನ್ನು ಒಪ್ಪಿಸಿದನು. ರೋಗಿಯ ಹೆಸರು ಅಥವಾ ಪದವಿ, ರೋಗದ ಕಾರಣ, ನಾಡಿಯ ಲಕ್ಷಣ, ಪರಿಣಾಮ ಇವು ಅಲ್ಲಿ ದಾಖಲಾಗಿವೆ. ಮಲಮೂತ್ರ ಕಟ್ಟಿದ ಅಧಿಕಾರಿಯೊಬ್ಬನು ಮೂರು ಸಲದ ಕಷಾಯದಿಂದ ಗುಣಹೊಂದಿದನು. ಹುಳುಕುಹಲ್ಲಿನವನಿಗೆ ಬಾಯಿ ಮುಕ್ಕಳಿಸುವ ಕಷಾಯ; ಉಂಡ ಮೇಲೆ ಬಾಯಿ ತೊಳೆಯದುದೂ ರೋಗದ ಒಂದು ಕಾರಣವೆಂದು ಯಿ ಹೇಳಿದ್ದಾನೆ. ಚೀಬೇ ಅರಸನ ಪರಿಚಾರಿಕೆಯೊಬ್ಬಳು ನೋಟಕ್ಕೆ ಆರೋಗ್ಯವಂತೆ. ವಸಂತದಲ್ಲಿ ರಕ್ತ ಕಾರಿ ಸಾಯುವಳೆಂದು ಯಿ ನಾಡಿ ನೋಡಿ ಹೇಳಿದರೂ ಅರಸನು ನಂಬಲಿಲ್ಲ. ಅವಳು ಹಾಗೆಯೇ ಸತ್ತಳು. ರಾಜವೈದ್ಯ ಸುಯಿ ತಾನೇ ಖನಿಜೌಷಧಗಳನ್ನು ಸೇವಿಸುತ್ತಿದ್ದು, ಎಚ್ಚರಿಸಿದ ಯಿಗೆ ಪ್ರಾಚೀನ ವೈದ್ಯ ಬ್ಯೆನ್ ಚ್ಯುವೆಯ ಪ್ರಮಾಣವನ್ನು ಎತ್ತಿಹಿಡಿದನು. ರೋಗಿಯ ಸ್ಥಿತಿಯನ್ನು ತೂಗಿ ನೋಡದೆ ಪ್ರಮಾಣವಾಕ್ಯವನ್ನು ಅನ್ವಯಿಸಲಾಗದೆಂಬುದು ಯಿಯ ವಾದ. ನೂರು ದಿನಗಳು ಕಳೆದ ಮೇಲೆ ಸುಯಿ ವ್ರಣದಿಂದ ಮಡಿದನು.

ಈ ವೃತ್ತಾಂತಗಳಲ್ಲಿ ಸುಮಾರು ಹತ್ತು ಮರಣಾಂತವಾದುವು. ಗುರು ಬೇಗನೆ ತೀರಿಕೊಂಡುದರಿಂದ, ತನ್ನ ನಿರ್ಣಯಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ನಾಡೀಶಾಸ್ತ್ರದೊಡನೆ ತಾಳೆನೋಡಲೆಂದೇ ಲೆಕ್ಕವಿಟ್ಟೆನೆಂದು ಯಿ ವಿವರಿಸುತ್ತಾನೆ. ಜೀವನ್ಮರಣಗಳ ನಿರ್ಣಯದಲ್ಲಿ ತಪ್ಪೇ ಆಗುವುದಿಲ್ಲವೆ ಎಂಬ ಚಕ್ರವರ್ತಿಯ ಕಡೆಯ ಪ್ರಶ್ನೆಗೆ, ಮನಸ್ಸು ನಾಡಿಯಲ್ಲಿ ಏಕಾಗ್ರವಾಗದಾಗ ತಾನು ಆಗಾಗ್ಗೆ ತಪ್ಪುವುದುಂಟೆಂದು ಒಪ್ಪಿಕೊಂಡನು.

ಅವನ ನಾಡೀಸಿದ್ಧಾಂತಗಳನ್ನು ಆಧುನಿಕ ವೈದ್ಯಶಾಸ್ತ್ರ ಯಥಾವತ್ತಾಗಿ ಒಪ್ಪುವುದಿಲ್ಲ. ಮುಂದೆ 3ನೆಯ ಶತಮಾನದಲ್ಲಿ ವಾಂಗ್ ಷೂಹೆ ತನ್ನ ‘ಮೈ ಜಿಂಗ್’ ಗ್ರಂಥದಲ್ಲಿ 24 ಬಗೆಯ ನಾಡಿಗಳನ್ನು ವರ್ಗೀಕರಿಸಿದನು; 1564ರಲ್ಲಿ ಲಿ ಷಿಚೆನ್ 27ನ್ನು ವಿವರಿಸಿದನು. ಶಾಸ್ತ್ರವು ಹೀಗೆ ವಿಸ್ತಾರವಾಯಿತು. ಆದರೆ ದಂಡನೆಯಿಂದ ಆಗತಾನೆ ಪಾರಾದವನು ಸಾರ್ವಭೌಮನ ಮುಂದೆ ಸತ್ತ ರೋಗಿಗಳ ವೃತ್ತಾಂತವನ್ನೂ ಮುಚ್ಚಿಡದೆ ಒಪ್ಪಿಸಿದುದು ವೈದ್ಯೇತಿಹಾಸದಲ್ಲಿ ಯಿಗೆ ಸಲ್ಲಬೇಕಾದ ವಿಶೇಷ ಗೌರವ.