ನೆಲಮಾಳಿಗೆಯ ಲೆಕ್ಕ: ಇಂಗ್ಲೆಂಡಿನ ಸಾಮಾನ್ಯರ ಮನೆಗೆ ವೈನ್ ಬಂದ ಬಗೆ

ಇಂಗ್ಲಿಷ್ ಕಾದಂಬರಿಗಳನ್ನು ಓದಿದವರಿಗೆ 'ಸೆಲ್ಲಾರ್' ಎಂಬ ಶಬ್ದ ಹೊಸದಲ್ಲ. ಮನೆಯ ಕೆಳಗೆ ತಂಪಾದ ಕತ್ತಲೆ ಕೋಣೆ, ಅಲ್ಲಿ ಸಾಲಾಗಿ ಮಲಗಿಸಿದ ವೈನ್ ಶೀಶೆಗಳು. ನಮ್ಮ ಕಡೆಯ ಮನೆಗಳಿಗೆ ನೆಲಮಾಳಿಗೆ ಇಲ್ಲ. ಇಲ್ಲಿಯ ಮಳೆಗಾಲದಲ್ಲಿ ನೆಲ ಅಗೆದರೆ ನೀರೇ ಏಳುತ್ತದೆ. ಆದರೆ ಉಗ್ರಾಣವಿದೆ. ಮಿಡಿ ಉಪ್ಪಿನಕಾಯಿಯ ಭರಣಿಗೆ ನನ್ನ ಅಜ್ಜಿ ಜಾಗ ಗೊತ್ತುಮಾಡುತ್ತಿದ್ದ ನಿಯಮಗಳು ಮೂರು: ಬೆಳಕು ಬೀಳಬಾರದು, ಬಿಸಿ ತಾಗಬಾರದು, ಸುಮ್ಮನೆ ಅಲುಗಾಡಿಸಬಾರದು. ವೈನ್ ಕಾಪಿಡುವ ನಿಯಮಗಳೂ ಇವೇ ಮೂರು. ಭರಣಿ ಎಂಬ ಮಾತು ಮಲಯಾಳದಲ್ಲಿಯೂ ಭರಣಿಯೇ ಆಗಿರುವುದರಿಂದ ಈ ಸಂಚಿಕೆಯ ಎರಡೂ ಭಾಷೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಡಿತವನ್ನು ಹೊಗಳುವುದಕ್ಕಾಗಿ ಈ ಬರಹವಲ್ಲ. ಕಾದಿಟ್ಟರೆ ಬೆಲೆ ಏರುವ ವಸ್ತುವೊಂದನ್ನು ಕೈಯಲ್ಲಿ ಹಣವಿಲ್ಲದವನು ಕಾದಿಡುವುದು ಹೇಗೆ ಎಂಬುದು ನನ್ನ ಕುತೂಹಲ. ಅಡಿಕೆ ಬೆಳೆಯುವ ನಮಗೆ ಈ ಪ್ರಶ್ನೆ ಹೊಸತೇ? ಹೊಸ ಚಾಲಿಗಿಂತ ಹಳೆ ಚಾಲಿಗೆ ಧಾರಣೆ ಹೆಚ್ಚೆಂದು ಎಲ್ಲರಿಗೂ ಗೊತ್ತು. ಆದರೆ ಸಾಲದ ಕಂತು, ಮಗಳ ಮದುವೆ ಎದುರಿಗೆ ನಿಂತಿರುವಾಗ ಅಡಿಕೆಯನ್ನು ಅಟ್ಟದಲ್ಲಿಟ್ಟು ಎರಡು ವರ್ಷ ಕಾಯುವವರು ಎಷ್ಟು ಮಂದಿ?

ಲಂಡನ್ನಿನ ಸಾಮ್ಯುಯೆಲ್ ಪೀಪ್ಸ್ ಒಬ್ಬ ದರ್ಜಿಯ ಮಗ. ನೌಕಾ ಇಲಾಖೆಯ ನೌಕರಿಯಿಂದ ಮೇಲೆ ಬಂದವನು. 1665ರ ಜುಲೈಯಲ್ಲಿ, ಊರಿಗೆ ಪ್ಲೇಗು ಬಡಿದಿದ್ದ ಹೊತ್ತಿನಲ್ಲಿ, ಅವನು ತನ್ನ ನೆಲಮಾಳಿಗೆಯ ಪೀಪಾಯಿಗಳನ್ನು ದಿನಚರಿಯಲ್ಲಿ ಎಣಿಸಿ ಬರೆದಿದ್ದಾನೆ: ಫ್ರಾನ್ಸಿನ ಕ್ಲಾರೆಟ್, ಕೆನರಿ ದ್ವೀಪದ್ದು, ಸ್ಪೇನಿನ ಮಲಗಾ, ಇನ್ನೂ ಕೆಲವು. ತನ್ನ ಹೆಸರಿನ ಬಂಧುಗಳಲ್ಲಿ ಯಾರೊಬ್ಬರಿಗೂ ಏಕಕಾಲಕ್ಕೆ ಇಷ್ಟು ಸ್ವಂತ ವೈನ್ ಇದ್ದದ್ದಿಲ್ಲ ಎಂಬ ಹೆಮ್ಮೆ ಅವನಿಗೆ. ಮರುವರ್ಷ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಬೆಂಕಿ ಬಿದ್ದಾಗ ಅವನು ನೆರೆಯವನೊಡನೆ ಹೊಂಡ ತೋಡಿ ವೈನನ್ನೂ ಇಟಲಿಯ ಪಾರ್ಮೆಸಾನ್ ಗಿಣ್ಣನ್ನೂ ಹೂತಿಟ್ಟ. ಬೆಂಕಿ ಬಂದಾಗ ಮನುಷ್ಯ ಯಾವುದನ್ನು ಹೂಳುತ್ತಾನೆ ಎಂಬುದರಿಂದಲೇ ಅವನ ಬಡತನ ಎಷ್ಟು ಹಿಂದಕ್ಕೆ ಸರಿದಿತ್ತೆಂದು ಊಹಿಸಬಹುದು.

ಪೀಪ್ಸನ ಕಾಲದ ವೈನ್ ಹೆಚ್ಚು ಕಾಲ ಬಾಳುತ್ತಿರಲಿಲ್ಲ. ಪೀಪಾಯಿಗೆ ಗಾಳಿ ಹೊಕ್ಕರೆ ಹುಳಿ. ಕಲ್ಲಿದ್ದಲ ಕುಲುಮೆಯಲ್ಲಿ ಕಾಯಿಸಿದ ದಪ್ಪ ಗಾಜು, ಕಾರ್ಕಿನ ಬಿರಡೆ ಇವೆರಡೂ ಆಗಲೇ ಬಂದಿದ್ದರೂ ಶೀಶೆಗಳು ಈರುಳ್ಳಿಯಂತೆ ಹೊಟ್ಟೆ ಉಬ್ಬಿದವು; ಮಲಗಿಸಲು ಬಾರದವು. ನಿಲ್ಲಿಸಿಟ್ಟರೆ ಬಿರಡೆ ಒಣಗಿ ಗಾಳಿ ಒಳಗೆ ನುಸುಳುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಶೀಶೆ ಮೆಲ್ಲಮೆಲ್ಲನೆ ನೀಳವಾಗಿ ಕೊಳವೆಯ ಆಕಾರಕ್ಕೆ ಬಂತು. ಮಲಗಿಸಿದ ಶೀಶೆಯಲ್ಲಿ ಬಿರಡೆ ಸದಾ ಒದ್ದೆ. ವೈನ್ ಹಳೆಯದಾಗಿ ಮಾಗುವುದು ಮನೆಯೊಳಗೆ ಸಾಧ್ಯವಾದದ್ದು ಈ ಸಣ್ಣ ಬದಲಾವಣೆಯಿಂದ.

ಇದರ ಜತೆಗೇ ರಾಜಕೀಯ. 1703ರ ಮೆಥುಯೆನ್ ಒಪ್ಪಂದದಂತೆ ಪೋರ್ಚುಗಲಿನ ವೈನಿಗೆ ಫ್ರೆಂಚ್ ವೈನಿನ ಸುಂಕದ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಹಾಕುವಂತಿರಲಿಲ್ಲ. ಹಾಗಾಗಿ ಇಂಗ್ಲಿಷರ ಮೇಜಿಗೆ ಪೋರ್ಟ್ ಬಂತು. ಮಗ ಹುಟ್ಟಿದಾಗ ಒಂದು ಇಡೀ 'ಪೈಪ್' ಪೋರ್ಟ್ ಕೊಂಡು, ಅವನು ಪ್ರಾಯಕ್ಕೆ ಬರುವ ತನಕ ಕಾದಿಡುವ ರೂಢಿ ಶ್ರೀಮಂತರಲ್ಲಿ ಬೆಳೆಯಿತು. ಒಂದು ಪೈಪ್ ಎಂದರೆ ಸುಮಾರು 700 ಶೀಶೆ! ಇಪ್ಪತ್ತೊಂದು ವರ್ಷ ಹಣ ಕಟ್ಟಿಹಾಕಬಲ್ಲವರ ಮಾತಿದು.

ನಮ್ಮ ಕರಾವಳಿಯೂ ಈ ಕತೆಯಿಂದ ತೀರ ಹೊರಗಲ್ಲ. ಮದೀರಾ ದ್ವೀಪದ ವೈನ್ ಹಡಗಿನ ಒಡಲಲ್ಲಿ ಉಷ್ಣವಲಯ ದಾಟಿದಷ್ಟೂ ರುಚಿಗೊಳ್ಳುತ್ತದೆಂದು ಕಂಡುಕೊಂಡ ಕಂಪೆನಿಯ ಕಾಲದ ಇಂಗ್ಲಿಷರು ಅದನ್ನು ಪೀಪಾಯಿಗಟ್ಟಲೆ ಭಾರತಕ್ಕೆ ತರಿಸುತ್ತಿದ್ದರು. ಇನ್ನೂ ಹಿಂದೆ ಹೋದರೆ, ಕ್ರಿಸ್ತಶಕ ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್' ಮುಜಿರಿಸಿನ ಆಮದುಗಳಲ್ಲಿ ವೈನನ್ನೂ ಹೆಸರಿಸಿ, ಹೆಚ್ಚೇನಿಲ್ಲ ಎಂದು ಸೇರಿಸುತ್ತದೆ. 2007ರಿಂದ ಕೇರಳದ ಪಟ್ಟಣಂನಲ್ಲಿ ನಡೆದ ಉತ್ಖನನಗಳಲ್ಲಿ ಆ ವೈನ್ ತುಂಬಿ ಬಂದ ಆಂಫೊರಾ ಜಾಡಿಗಳ ಚೂರುಗಳು ರಾಶಿಯಾಗಿ ಸಿಕ್ಕಿವೆ. ಮೆಣಸು ಆಚೆಗೆ, ಜಾಡಿ ಈಚೆಗೆ.

ಸಾಮಾನ್ಯರ ಪಾಲಿಗೆ ಬಾಗಿಲು ತೆರೆದ ವರ್ಷ 1860. ಅದುವರೆಗೆ ಬ್ರಿಟನ್ನಿನಲ್ಲಿ ವಿದೇಶೀ ವೈನಿನ ಸುಂಕ ಗ್ಯಾಲನಿಗೆ ಹೆಚ್ಚುಕಡಿಮೆ ಆರು ಶಿಲಿಂಗ್. ಗ್ಯಾಲನಿಗೆ ಆರು ಶೀಶೆಯಂತೆ ನೋಡಿದರೆ ಶೀಶೆಯೊಂದಕ್ಕೆ ಹತ್ತಿರ ಹತ್ತಿರ ಒಂದು ಶಿಲಿಂಗ್, ಅಂದರೆ ಹನ್ನೆರಡು ಪೆನ್ಸ್. ಫ್ರಾನ್ಸಿನೊಡನೆ ವಾಣಿಜ್ಯ ಒಪ್ಪಂದವಾದ ಆ ವರ್ಷ ಅರ್ಥಮಂತ್ರಿ ಗ್ಲ್ಯಾಡ್‌ಸ್ಟನ್ ಅದನ್ನು ಮೂರು ಶಿಲಿಂಗಿಗೆ ಇಳಿಸಿದರು. ಬೇಗನೆ ಲಘು ವೈನಿಗೆ ಅದು ಒಂದು ಶಿಲಿಂಗಾಯಿತು. ಶೀಶೆಗೆ ಬರೇ ಎರಡು ಪೆನ್ಸ್. ಮೇಲಾಗಿ 1860 ಮತ್ತು 1861ರ ಕಾನೂನುಗಳು ಚಹಾ, ಸಕ್ಕರೆ ಮಾರುವ ಅಂಗಡಿಯವನಿಗೂ ಪರವಾನಿಗೆ ಪಡೆದು ಬಿಡಿ ಶೀಶೆ ಮಾರುವ ಅವಕಾಶ ಕೊಟ್ಟವು. ನನ್ನ ದೃಷ್ಟಿಯಲ್ಲಿ ಸುಂಕ ಇಳಿದದ್ದಕ್ಕಿಂತ ಇದೇ ದೊಡ್ಡದು. ಗುಮಾಸ್ತನ ಹೆಂಡತಿ ಸಾಮಾನಿನ ಚೀಟಿಯಲ್ಲಿ ಒಂದು ಶೀಶೆ ಕ್ಲಾರೆಟ್ ಎಂದು ಬರೆಯಬಹುದಾಯಿತು. ಅಭಿಮಾನಿ ಹಳಬರು ಅದನ್ನು 'ಗ್ಲ್ಯಾಡ್‌ಸ್ಟನ್ ಕ್ಲಾರೆಟ್' ಎಂದು ಹೀಯಾಳಿಸಿದರು. ಹದಿನೈದು ವರ್ಷಗಳಲ್ಲಿ ಆಮದು ಎರಡು ಪಟ್ಟಿಗಿಂತ ಹೆಚ್ಚಾಯಿತು.

ಎಲ್ಲರಿಗೂ ಲಾಭವಾಯಿತೆಂದಲ್ಲ. ಅದಕ್ಕೆ ಮೊದಲು ವಸಾಹತುಗಳ ವೈನಿಗೆ ಅರ್ಧ ಸುಂಕದ ರಿಯಾಯಿತಿ ಇತ್ತು. ಕ್ರಿಮಿಯ ಯುದ್ಧದಿಂದ ಮರಳಿದ ವಾಲ್ಟರ್ ಮತ್ತು ಆಲ್‌ಫ್ರೆಡ್ ಗಿಲ್ಬಿ ಸಹೋದರರು 1857ರಲ್ಲಿ ಲಂಡನ್ನಿನಲ್ಲಿ ಅಂಗಡಿ ತೆರೆದು ದಕ್ಷಿಣ ಆಫ್ರಿಕದ ಕೇಪ್ ವೈನನ್ನು ಅಗ್ಗಕ್ಕೆ ಮಾರಿ ಹೆಸರಾಗಿದ್ದರು. ರಿಯಾಯಿತಿ ಹೋದದ್ದೇ ಅವರು ಫ್ರಾನ್ಸಿನ ಕಡೆಗೆ ಹೊರಳಿ, ಊರೂರಿನ ಕಿರಾಣಿ ಅಂಗಡಿಗಳನ್ನು ಏಜೆಂಟರನ್ನಾಗಿ ಮಾಡಿಕೊಂಡು ಇನ್ನಷ್ಟು ಬೆಳೆದರು. ಕೇಪಿನ ಬೆಳೆಗಾರ ಹೊರಳುವುದೆಲ್ಲಿಗೆ? ಅವನ ರಫ್ತು ನೆಲಕಚ್ಚಿತು. ದೂರದ ರಾಜಧಾನಿಯಲ್ಲಿ ಸುಂಕದ ಒಂದು ಗೆರೆ ಬದಲಾದರೆ ತೋಟದವನ ಗತಿ ಏನಾಗುತ್ತದೆಂದು ಆಮದು ಅಡಿಕೆಯ ಸುದ್ದಿ ಕೇಳುತ್ತಿರುವ ನಾವು ಬಲ್ಲೆವು.

ಅಗ್ಗವಾದದ್ದೇನೋ ಸರಿ, ಆರಿಸುವುದು ಹೇಗೆ? ಬೋರ್ಡೊ ಪ್ರದೇಶದ ವೈನುಗಳನ್ನು 1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕಾಗಿ ಐದು ದರ್ಜೆಗಳಲ್ಲಿ ಪಟ್ಟಿಮಾಡಿದ್ದರು. ದಲ್ಲಾಳಿಗಳು ಮಾಡಿದ ಆ ಪಟ್ಟಿಗೆ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಬೆಲೆಯೇ ಆಧಾರ. ಬಡವನಿಗೆ ಅದರಿಂದ ತಿಳಿಯುವುದು ಯಾವುದನ್ನು ಕೊಳ್ಳಲಾಗದು ಎಂಬುದು ಮಾತ್ರ. ಈ ಕೊರತೆಯನ್ನು ತುಂಬಿದವರು ಒಬ್ಬ ವೈದ್ಯರು. ಲಂಡನ್ನಿನ ರಾಬರ್ಟ್ ಡ್ರೂಯಿಟ್ 1865ರಲ್ಲಿ ಫ್ರಾನ್ಸ್, ಇಟಲಿ, ಆಸ್ಟ್ರಿಯ, ಗ್ರೀಸ್, ಹಂಗೆರಿಗಳ ಅಗ್ಗದ ವೈನುಗಳ ಬಗ್ಗೆ ಒಂದು ವರದಿಯನ್ನೇ ಪುಸ್ತಕವಾಗಿ ತಂದರು. ಬ್ರಾಂದಿ ಬೆರೆಸಿದ ಪೋರ್ಟು ಶೆರಿಗಳಿಗಿಂತ ಏನನ್ನೂ ಬೆರೆಸದ ಲಘು ವೈನ್ ಮೇಲೆಂಬುದು ಅವರ ನಿಲುವು. ಸಾಧಾರಣ ಬೋರ್ಡೊ ಅವರಿಗೆ ಮೆಚ್ಚು. ದೊಡ್ಡ ಹೆಸರಿನ ಹಿಂದೆ ಹೋಗದೆ ಕಿಸೆಗೆ ಒಪ್ಪುವ ಶುದ್ಧ ವಸ್ತುವನ್ನು ಹುಡುಕುವ ಈ ದಾರಿ ಇಂದಿಗೂ ಹಳತಾಗಿಲ್ಲ. ಅಗ್ಗದ ವೈನಿನಲ್ಲಿ ಬಹುಪಾಲು ಬೇಗ ಬಳಸುವುದಕ್ಕೇ ಮಾಡಿದ್ದು. ಎಲ್ಲವನ್ನೂ ಮಲಗಿಸಿ ಕಾದರೆ ಎಲ್ಲವೂ ಮಾಗುತ್ತದೆಂಬುದು ಭ್ರಮೆ. ಹೆಚ್ಚಿನ ಶೀಶೆಗಳನ್ನು ಒಂದೆರಡು ವರ್ಷದೊಳಗೆ ಬಳಸಲೆಂದು ಕೊಂಡು, ಬಾಳಿಕೆಯ ನಾಲ್ಕಾರನ್ನು ಮಾತ್ರ ಹತ್ತು ಹನ್ನೆರಡು ಡಿಗ್ರಿಯ ತಂಪಿನಲ್ಲಿ ಇಡುವುದೇ ಕಡಿಮೆ ಹಣದವನ ನೆಲಮಾಳಿಗೆ.

ನೆಲಮಾಳಿಗೆಯೇ ಇಲ್ಲದವನಿಗೆ? ಲಂಡನ್ನಿನ ಕೆನ್ಸಿಂಗ್ಟನಿನಲ್ಲಿ 1874ರ ಅಂತಾರಾಷ್ಟ್ರೀಯ ಪ್ರದರ್ಶನಕ್ಕೆ ಬಂದಿದ್ದ ವೈನನ್ನು ರಾಯಲ್ ಆಲ್ಬರ್ಟ್ ಹಾಲಿನ ಕೆಳಗಿನ ಮಾಳಿಗೆಗಳಲ್ಲಿ ಇಟ್ಟಿದ್ದರು. ತಮ್ಮ ಪೀಪಾಯಿಗಳತ್ತ ಯಾರೂ ತಿರುಗಿ ನೋಡಲಿಲ್ಲವೆಂದು ಪೋರ್ಚುಗಲಿನವರು ದೂರಿದರು. ಆ ಸಭಾಭವನವನ್ನು ಕಟ್ಟಿಸಿದ ಎಂಜಿನಿಯರ್ ಹೆನ್ರಿ ಸ್ಕಾಟ್ ಊಟದ ಕೂಟಗಳನ್ನು ಏರ್ಪಡಿಸಿ ಆ ವೈನಿಗೆ ಗಿರಾಕಿಗಳನ್ನು ಹುಡುಕಿದರು. ಅದರಿಂದ ಅದೇ ವರ್ಷ ಹುಟ್ಟಿದ್ದು ಒಂದು ಸಹಕಾರಿ ವೈನ್ ಸಂಘ. ಸದಸ್ಯನಿಗೆ ಒಂದೇ ಪಾಲು. ಸಂಘ ನೇರವಾಗಿ ಕೊಂಡು ಸದಸ್ಯರಿಗೆ ಮಾತ್ರ ಮಾರುತ್ತದೆ. ಒಬ್ಬೊಬ್ಬನ ಮನೆಯಲ್ಲಿ ಇಲ್ಲದ ಮಾಳಿಗೆ, ಕಾಯುವ ಬಂಡವಾಳ ಎರಡನ್ನೂ ಎಲ್ಲರೂ ಸೇರಿ ಕಟ್ಟಿಕೊಂಡರು. 2024ರಲ್ಲಿ ಅದಕ್ಕೆ 150 ತುಂಬಿತು. ಧಾರಣೆ ಕುಸಿದು ಕಂಗೆಟ್ಟಿದ್ದ ಬೆಳೆಗಾರರು 1973ರಲ್ಲಿ, ಗಡಿಯ ಈಚೆಯವರೂ ಆಚೆಯವರೂ ಕೂಡಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಕಟ್ಟಿದ್ದು ನೆನಪಾಗುತ್ತದೆ. ಅಲ್ಲಿ ಸೇರಿದವರು ಕೊಳ್ಳುವವರು, ಇಲ್ಲಿ ಮಾರುವವರು, ಅಷ್ಟೇ ವ್ಯತ್ಯಾಸ.

ಸಂಬಳದಾರನೊಬ್ಬನ ನೆಲಮಾಳಿಗೆಯ ಕೊನೆಯ ಚಿತ್ರವನ್ನು ಬರೆದವರು ಜಾರ್ಜ್ ಸೇಂಟ್ಸ್‌ಬರಿ. ಶಾಲಾ ಮೇಷ್ಟ್ರಾಗಿ, ಪತ್ರಕರ್ತರಾಗಿ, ಕೊನೆಗೆ ಎಡಿನ್‌ಬರೋದಲ್ಲಿ ಸಾಹಿತ್ಯದ ಪ್ರಾಧ್ಯಾಪಕರಾದ ಅವರು ತಮ್ಮಲ್ಲಿದ್ದ ವೈನಿನ ಲೆಕ್ಕವನ್ನು ಒಂದು ನೋಟುಪುಸ್ತಕದಲ್ಲಿ ಇಟ್ಟಿದ್ದರು. ಅದನ್ನು ಆಧರಿಸಿ 1920ರಲ್ಲಿ 'ನೋಟ್ಸ್ ಆನ್ ಎ ಸೆಲ್ಲಾರ್ ಬುಕ್' ಹೊರಬಂತು. ಪುಸ್ತಕ ಅಚ್ಚಾಗುವ ಹೊತ್ತಿಗೆ ಶೀಶೆಗಳೆಲ್ಲ ಹೋಗಿದ್ದವು, ಲೆಕ್ಕವಷ್ಟೇ ಉಳಿದಿತ್ತು.